ಅರಮನೆಯ ಅಂಗಳದಲ್ಲಿ ಹಾಲಿನವರ ಸಂತೆ

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ನಡೆದ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ಸಭೆಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಅಧ್ಯಕ್ಷೆ ಮಾಡಿದ ಭಾಷಣದ ಬರಹರೂಪ)



ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ನೋಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ನಾನು ಪ್ರವಾಸಕ್ಕೆ ಹೋದವಳಲ್ಲ. ಮಗಳ ಬಾಣಂತನಕ್ಕೆ ಹೋದವಳು. ಮನೆಯಲ್ಲಿ ಮೂರು ಹಸು, ಒಂದು ಪಡ್ಡೆ. ಅವನ್ನು ಯಜಮಾನರ ಮೇಲೆ ಹಾಕಿ ಮೂರು ತಿಂಗಳು ಹೋಗಿದ್ದೆ.

ಹೊರಡುವ ಮೊದಲು ಬಾಣಂತಿಗೆಂದು ಎರಡು ಕೆ.ಜಿ. ತುಪ್ಪ ಕಾಸಿ ಡಬ್ಬಿಗೆ ತುಂಬಿದ್ದೆ. ಮಗಳು ಫೋನಿನಲ್ಲಿ, “ಅಮ್ಮ, ತುಪ್ಪ ತರಬೇಡ, ಇಲ್ಲಿ ಬಿಡುವುದಿಲ್ಲ” ಎಂದಳು. ನಮ್ಮ ದೇಶದಿಂದ ಹೋಗುವವರು ಹಾಲಿನ ಯಾವ ಪದಾರ್ಥವನ್ನೂ ಚೀಲದಲ್ಲಿ ಒಯ್ಯುವಂತಿಲ್ಲವಂತೆ. ಕಾರಣ ಕೇಳಿದರೆ ಕಾಲುಬಾಯಿ ಜ್ವರ. 2001ರಲ್ಲಿ ಆ ರೋಗ ಬಂದು ಅಲ್ಲಿ ಹಸು, ಕುರಿ, ಹಂದಿ ಎಲ್ಲ ಸೇರಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಹಾಕಬೇಕಾಯಿತು. ಆ ಪೆಟ್ಟನ್ನು ಅವರು ಇನ್ನೂ ಮರೆತಿಲ್ಲ. ನಾವು ಲಸಿಕೆ ಹಾಕುವವರು ಬಂದಾಗ “ಹಾಲು ಕಡಿಮೆಯಾಗುತ್ತೆ” ಎಂದು ಹಸುವನ್ನು ಹಿತ್ತಿಲಿಗೆ ಅಟ್ಟುತ್ತೇವೆ. ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು. ಆ ತುಪ್ಪಕ್ಕೆ ಬದಲು ಬೆಣ್ಣೆ ಹುಡುಕಲು ಹೋದಾಗಲೇ ನಾನು ಈ ಮೇಳ ನೋಡಿದ್ದು.

ಅದಕ್ಕೆ ಮೊದಲು ನಮ್ಮ ಸಂಘದ ಒಂದು ವಿಷಯ ಹೇಳಬೇಕು. ನಾನು ಹೋಗುವ ಹಿಂದಿನ ಬೇಸಿಗೆಯಲ್ಲಿ ನಮ್ಮ ಊರಿಗೆ ಖಾಸಗಿಯವರ ಹಾಲಿನ ವ್ಯಾನು ಬರಲು ಶುರುವಾಯಿತು. ಲೀಟರಿಗೆ ಎರಡು ರೂಪಾಯಿ ಹೆಚ್ಚು, ಕೈಗೆ ದುಡ್ಡು. ಹನ್ನೊಂದು ಜನ ಸದಸ್ಯೆಯರು ಸಂಘ ಬಿಟ್ಟು ಅಲ್ಲಿಗೆ ಹಾಲು ಹಾಕಿದರು. ಅವರಲ್ಲಿ ನನ್ನ ವಾರಗಿತ್ತಿಯೂ ಒಬ್ಬಳು. ಒಂದೇ ಗೋಡೆಯ ಆಚೆ ಈಚೆ ಇರುವ ನಾವು ಮಾತು ಬಿಟ್ಟೆವು. ನಾನು ವಿಮಾನ ಹತ್ತಿದ್ದು ಆ ಸಿಟ್ಟನ್ನು ಹೊತ್ತುಕೊಂಡೇ.

ಅರಮನೆ ಎಂದರೆ ಎಂಥದ್ದು?

ಮಗಳ ಮನೆ ಆಕ್ಸ್‌ಫರ್ಡ್ ಊರಿನಲ್ಲಿ. ಅಲ್ಲಿಂದ ಸುಮಾರು 13 ಕಿಲೋಮೀಟರ್ ದೂರದಲ್ಲಿ ವುಡ್‌ಸ್ಟಾಕ್ ಎಂಬ ಸಣ್ಣ ಪೇಟೆ, ಅದರ ಪಕ್ಕದಲ್ಲಿ ಬ್ಲೆನ್‌ಹೈಮ್ ಅರಮನೆ. ಅರಮನೆ ಎಂದು ಹೆಸರು, ಆದರೆ ರಾಜರದಲ್ಲ. 1704ರಲ್ಲಿ ಬ್ಲೆನ್‌ಹೈಮ್ ಎಂಬಲ್ಲಿ ಫ್ರೆಂಚರ ಸೈನ್ಯವನ್ನು ಸೋಲಿಸಿದ ಸೇನಾಪತಿ ಜಾನ್ ಚರ್ಚಿಲ್‌ಗೆ, ಅಂದರೆ ಮಾರ್ಲ್‌ಬರೋ ಡ್ಯೂಕ್‌ಗೆ, ಆ್ಯನ್ ರಾಣಿ ಕೊಟ್ಟ ಉಂಬಳಿ ಅದು. 1705ರಲ್ಲಿ ಕಟ್ಟಲು ಶುರು ಮಾಡಿ ಮುಗಿಸಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಯುದ್ಧಕಾಲದ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ 1874ರಲ್ಲಿ ಹುಟ್ಟಿದ್ದು ಆ ಮನೆಯಲ್ಲೇ. ಸುತ್ತ ಸುಮಾರು ಎರಡು ಸಾವಿರ ಎಕರೆ ಉದ್ಯಾನ. ಒಂದು ಹಳ್ಳಕ್ಕೆ ಒಡ್ಡು ಹಾಕಿ ಮಾಡಿದ ದೊಡ್ಡ ಕೆರೆ. 1987ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದರು.

ಇಷ್ಟು ದೊಡ್ಡ ಮನೆಗೆ ಸಂತೆ ಏಕೆ ಬೇಕು ಎಂದು ನನಗೂ ಅನ್ನಿಸಿತು. ಉತ್ತರ ಸರಳ. ಮನೆ ದೊಡ್ಡದಾದಷ್ಟೂ ಸೂರಿನ ಖರ್ಚು ದೊಡ್ಡದು. ಹಿಂದೆ ಗೇಣಿ ಬರುತ್ತಿತ್ತು, ಆಳುಗಳಿದ್ದರು. ಎರಡನೇ ಮಹಾಯುದ್ಧದ ನಂತರ ತೆರಿಗೆ ಏರಿತು, ಆಳುಗಳು ಪಟ್ಟಣಕ್ಕೆ ಹೋದರು. ಎಷ್ಟೋ ದೊಡ್ಡ ಮನೆಗಳನ್ನು ಕೆಡವಿಯೇ ಬಿಟ್ಟರು. ಉಳಿದವರು ಬಾಗಿಲು ತೆರೆದು ಟಿಕೆಟ್ ಇಟ್ಟರು. ಬ್ಲೆನ್‌ಹೈಮ್ 1950ರಲ್ಲಿ ಜನರಿಗೆ ತೆರೆಯಿತು. ಒಮ್ಮೆ ನೋಡಿದವರು ಮತ್ತೆ ಬರಬೇಕಾದರೆ ಏನಾದರೂ ವಿಶೇಷ ಇರಬೇಕಲ್ಲ? ಅದಕ್ಕೇ ತೋಟದ ಮೇಳ, ಸಂಗೀತ, ಆಹಾರ ಮೇಳ. ಇಂಥ ವಾರಾಂತ್ಯದ ಆಹಾರ ಮೇಳ ಈಗ ಅಲ್ಲಿ ಅನೇಕ ಹಳೆಯ ಬಂಗಲೆಗಳಲ್ಲಿ ನಡೆಯುತ್ತದೆ. ನಾನು ಹೋದದ್ದು ಮೇ ತಿಂಗಳ ಕೊನೆಯಲ್ಲಿ ಸೋಮವಾರದ ರಜೆ ಸೇರಿಸಿ ಮಾಡಿದ ಮೇಳಕ್ಕೆ.

ಅಂಥ ಮನೆಗಳ ಸುತ್ತ ಒಂದು ತಮಾಷೆಯ ಕಂದಕ ಇರುತ್ತದೆ. ಅದಕ್ಕೆ ‘ಹಾ-ಹಾ’ ಎಂದೇ ಹೆಸರು. ಮನೆಯ ಕಿಟಕಿಯಿಂದ ನೋಡಿದರೆ ಬೇಲಿ ಕಾಣುವುದಿಲ್ಲ, ಹಸುಗಳು ಹುಲ್ಲು ಮೇಯುವುದು ಮಾತ್ರ ಚಿತ್ರದ ಹಾಗೆ ಕಾಣುತ್ತದೆ. ಆದರೆ ಹಸು ಕಂದಕ ದಾಟಿ ಅಂಗಳಕ್ಕೆ ಬರಲಾರದು. ದೊರೆಗಳಿಗೆ ಹಸು ಕಣ್ಣಿಗೆ ಬೇಕು, ಸಗಣಿ ಬಾಗಿಲಿಗೆ ಬೇಡ! ಹಾಲು ಮಾತ್ರ ಒಳಗೆ ಬರಬೇಕು. ಲಂಡನ್ ಹತ್ತಿರ ಹ್ಯಾಮ್ ಹೌಸ್ ಎಂಬ ಇನ್ನೊಂದು ಹಳೆಯ ಮನೆಯಿದೆ. ಅದರ ಡೈರಿ ಕೋಣೆಯಲ್ಲಿ ಹಾಲು, ಬೆಣ್ಣೆ ತಂಪಾಗಿಡಲು ಅಮೃತಶಿಲೆಯ ಹಲಗೆಗಳಿವೆ. ಆ ಹಲಗೆಗಳಿಗೆ ಎರಕದ ಕಬ್ಬಿಣದಲ್ಲಿ ಮಾಡಿದ ಹಸುವಿನ ಕಾಲುಗಳನ್ನೇ ಕೊಟ್ಟಿದ್ದಾರೆ.

ಮೇಳದಲ್ಲಿ ಕಂಡದ್ದು

ಟಿಕೆಟ್ಟಿನ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿದೆ. ಎರಡು ಮೂಟೆ ಪಶು ಆಹಾರ ಬರುತ್ತಿತ್ತು. ಅಳಿಯಂದಿರು ಲೆಕ್ಕ ಬಿಡಿ ಅತ್ತೆ ಎಂದರು. ಒಳಗೆ ಹೋದರೆ ನಮ್ಮ ದನದ ಜಾತ್ರೆಯ ಹಾಗೆಯೇ ಸಾಲು ಸಾಲು ಬಿಳಿ ಡೇರೆಗಳು. ನೂರಕ್ಕೂ ಹೆಚ್ಚು ಮಳಿಗೆ. ಬ್ರೆಡ್ಡು, ಜೇನು, ಉಪ್ಪಿನಕಾಯಿ, ಸೇಬಿನ ರಸ, ಮಾಂಸ, ಮಿಠಾಯಿ. ಒಂದು ಕಡೆ ಹೆಸರಾಂತ ಅಡುಗೆಯವರು ವೇದಿಕೆಯ ಮೇಲೆ ಅಡುಗೆ ಮಾಡಿ ತೋರಿಸುತ್ತಿದ್ದರು. ಜನ ಹುಲ್ಲಿನ ಮೇಲೆ ಕೂತು ತಿನ್ನುತ್ತಿದ್ದರು. ನಮ್ಮ ದೋಸೆಯ ಅಂಗಡಿಯೂ ಇತ್ತು, ಆದರೆ ಚಟ್ನಿಯಲ್ಲಿ ಖಾರವಿರಲಿಲ್ಲ.

ನನ್ನ ಕಣ್ಣು ಹಾಲಿನವರ ಮಳಿಗೆಗಳ ಮೇಲೆ. ಒಂದು ಕಡೆ ಗಟ್ಟಿ ಕೆನೆ ಮಾರುತ್ತಿದ್ದರು. ಅದಕ್ಕೆ ಅವರು ‘ಕ್ಲಾಟೆಡ್ ಕ್ರೀಮ್’ ಎನ್ನುತ್ತಾರೆ. ಕೆನೆಯನ್ನು ಸಣ್ಣ ಶಾಖದಲ್ಲಿ ಬಹಳ ಹೊತ್ತು ಕಾಯಿಸಿ, ನಿಧಾನವಾಗಿ ಆರಲು ಬಿಡುತ್ತಾರೆ. ಮೇಲೆ ಹಳದಿ ಪದರ ಕಟ್ಟುತ್ತದೆ. ನಮ್ಮ ಕೆನೆಗೆ ಅಣ್ಣನೋ ತಮ್ಮನೋ ಅನ್ನಿ. ಕಾರ್ನ್‌ವಾಲ್ ಎಂಬ ಜಿಲ್ಲೆಯ ಹೆಸರು ಹಾಕಿ ಮಾರಬೇಕಾದರೆ ಅದು ಅಲ್ಲಿಯ ಹಾಲಿನದೇ ಆಗಿರಬೇಕು, ಕನಿಷ್ಠ ಶೇಕಡ 55 ಫ್ಯಾಟ್ ಇರಬೇಕು ಎಂದು ಕಾನೂನಿದೆ. ನಮ್ಮ ಧಾರವಾಡದ ಪೇಡಕ್ಕೂ ಹೀಗೆಯೇ ಊರಿನ ಹೆಸರಿನ ರಕ್ಷಣೆ ಸಿಕ್ಕಿದೆ. ಅದನ್ನು ಒಂದು ಬನ್ನಿನ ಮೇಲೆ ಜಾಮಿನ ಜೊತೆ ಹಚ್ಚಿ ತಿನ್ನುತ್ತಾರೆ. ಕೆನೆ ಮೊದಲೋ ಜಾಮು ಮೊದಲೋ ಎಂದು ಎರಡು ಜಿಲ್ಲೆಗಳವರು ಇವತ್ತಿಗೂ ಜಗಳ ಆಡುತ್ತಾರಂತೆ.

ಚೀಸ್ ಮಳಿಗೆಗಳೇ ಹತ್ತಾರು. ಗಟ್ಟಿ ಚೀಸ್ ಒಂದು ಕೆ.ಜಿ. ಆಗಬೇಕಾದರೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಪನೀರಿನ ಹಾಗೆ ಇವತ್ತು ಮಾಡಿ ನಾಳೆ ಮಾರುವುದಲ್ಲ. ತಿಂಗಳುಗಟ್ಟಲೆ, ಕೆಲವನ್ನು ವರ್ಷಕ್ಕಿಂತ ಹೆಚ್ಚು, ತಂಪು ಕೋಣೆಯಲ್ಲಿ ಇಟ್ಟು ತಿರುಗಿಸಿ ತಿರುಗಿಸಿ ಹಣ್ಣು ಮಾಡಬೇಕು. ಅಷ್ಟು ದಿನ ದುಡ್ಡು ಕಪಾಟಿನಲ್ಲಿ ಕೂತ ಹಾಗೆ.

ಎರಡು ವಿಷಯ ನನಗೆ ಮೆಚ್ಚುಗೆಯಾಯಿತು. ಒಂದು, ಅನೇಕ ಮಳಿಗೆಗಳಲ್ಲಿ ಶುಚಿತ್ವದ ಅಂಕದ ಚೀಟಿ ಅಂಟಿಸಿದ್ದರು. ಸ್ಥಳೀಯ ಸಂಸ್ಥೆಯ ಅಧಿಕಾರಿಗಳು ತಪಾಸಣೆ ಮಾಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಐದು ಬಂದವರು ಎದೆಯುಬ್ಬಿಸಿ ಮುಂದೆಯೇ ಹಾಕುತ್ತಾರೆ. ಎರಡು, ಪೊಟ್ಟಣದ ಮೇಲೆ ಏನೇನು ಸೇರಿಸಿದೆ ಎಂದು ಬರೆದು, ಅದರಲ್ಲಿ ‘ಹಾಲು’ ಎಂಬ ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ನಮ್ಮ ಹಾಲಿಗೆ ಎಷ್ಟು ಗೌರವ ಎಂದುಕೊಂಡೆ! ಮಗಳು ನಕ್ಕು, “ಗೌರವಕ್ಕಲ್ಲಮ್ಮ, ಹಾಲು ಒಗ್ಗದವರಿಗೆ ಎಚ್ಚರಿಕೆ” ಎಂದಳು. ಕೊಳ್ಳುವವನಿಗೆ ಏನನ್ನೂ ಮುಚ್ಚಿಡಬಾರದು ಎಂಬುದು ಅದರ ಅರ್ಥ.

ಬೆಣ್ಣೆ ಮಾರುವಾಕೆ ಹೇಳಿದ್ದು

ಕೊನೆಗೆ ಬೆಣ್ಣೆಯ ಮಳಿಗೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ ನಿಂತಿದ್ದರು. ನನ್ನ ವಯಸ್ಸಿನವರೇ. ಉಪ್ಪು ಹಾಕದ ಬೆಣ್ಣೆ ಎರಡು ಕೆ.ಜಿ. ಕೇಳಿದೆ. ಅಷ್ಟು ಏಕೆ ಎಂದಳು ಆಕೆ. ಬಾಣಂತಿಗೆ ತುಪ್ಪ ಕಾಸಲು ಎಂದು ಮಗಳು ಹೇಳಿದಳು. ಆಕೆಗೆ ಖುಷಿಯಾಯಿತು. ನಾನೂ ಹಸು ಕಟ್ಟಿದವಳು ಎಂದು ತಿಳಿದ ಮೇಲಂತೂ ಸ್ಟೂಲು ಹಾಕಿ ಕೂರಿಸಿದಳು. ಮಗಳು ನಡುವೆ ನಿಂತು ಮಾತು ದಾಟಿಸಿದಳು.

ಮೊದಲು ಅವರ ಮನೆಯಲ್ಲಿ 120 ಹಸು ಕರೆಯುತ್ತಿದ್ದರಂತೆ. ಹಾಲನ್ನೆಲ್ಲ ಒಂದು ಕಂಪನಿಗೆ ಕೊಡುತ್ತಿದ್ದರು. ಒಂದು ದಿನ ಕಾಗದ ಬಂತು: ಇಂಥ ತಾರೀಖಿನಿಂದ ನಿಮ್ಮ ಹಾಲು ಬೇಡ. ತಪ್ಪೇನೂ ಇರಲಿಲ್ಲ. ನಿಮ್ಮ ಫಾರಂ ದೂರ, ಟ್ಯಾಂಕರಿಗೆ ಗಿಟ್ಟುವುದಿಲ್ಲ ಎಂದರು. ಬೇರೆ ಕೊಳ್ಳುವವರು ಸಿಗಲಿಲ್ಲ. ತೊಂಬತ್ತು ಹಸು ಮಾರಿ ಮೂವತ್ತು ಉಳಿಸಿಕೊಂಡು, ಅತ್ತೆಯಿಂದ ಕಲಿತಿದ್ದ ಬೆಣ್ಣೆ, ಚೀಸ್ ಮಾಡಲು ಕೂತರು. ಈಗ ಪ್ರತಿ ಶನಿವಾರ, ಭಾನುವಾರ ಒಂದೊಂದು ಊರಿನ ಮೇಳ. ನಿಮ್ಮ ಬೆಣ್ಣೆಗೆ ಒಳ್ಳೆಯ ಬೆಲೆ ಸಿಗುತ್ತದಲ್ಲ ಎಂದೆ. ಬೆಲೆ ಸಿಗುತ್ತದೆ, ಆದರೆ ಮಳಿಗೆ ಬಾಡಿಗೆ ಇದೆ, ಡೀಸೆಲ್ ಇದೆ, ಮಳೆ ಬಂದರೆ ಜನ ಇಲ್ಲ ಎಂದಳು. ಆಮೇಲೆ ಒಂದು ಮಾತು ಹೇಳಿದಳು: ಮೇಳ ಇರುವುದು ವಾರದಲ್ಲಿ ಎರಡು ದಿನ, ಹಸುವಿಗೆ ಅದು ಗೊತ್ತಿಲ್ಲ.

ಲೆಕ್ಕ ಹಾಕಿ ನೋಡಿ. ಮೂವತ್ತು ಹಸು, ದಿನಕ್ಕೆ ತಲೆಗೆ ಇಪ್ಪತ್ತು ಲೀಟರ್ ಎಂದರೂ 600 ಲೀಟರ್. ಮೇಳದ ಮೂರು ದಿನಕ್ಕೇ 1,800 ಲೀಟರ್ ಕೊಟ್ಟಿಗೆಯಲ್ಲಿ ಕರೆದಾಗಿರುತ್ತದೆ. ಚೀಸ್ ಮಾಡಿದರೆ 180 ಕೆ.ಜಿ. ಅಷ್ಟನ್ನೂ ಇನ್ನೂರು ಗ್ರಾಂ, ಮುನ್ನೂರು ಗ್ರಾಂ ತುಂಡು ಮಾಡಿ ಒಬ್ಬೊಬ್ಬ ಗಿರಾಕಿಗೂ ನಗುಮುಖದಿಂದ ಮಾರಬೇಕು.

ನಿಮ್ಮಲ್ಲಿ ಹೇಗೆ ಎಂದು ಅವಳ ಗಂಡ ಕೇಳಿದ. ಹೇಳಿದೆ. ಎರಡು ಹಸು ಇರುವ ವಿಧವೆ ಹೆಣ್ಣುಮಗಳೂ ನಮ್ಮ ಸಂಘಕ್ಕೆ ಬೆಳಿಗ್ಗೆ ಐದು ಲೀಟರ್, ಸಂಜೆ ನಾಲ್ಕು ಲೀಟರ್ ಹಾಕುತ್ತಾಳೆ. ಚೀಟಿ ಸಿಗುತ್ತದೆ. ಬಟವಾಡೆ ಅವಳ ಖಾತೆಗೇ ಹೋಗುತ್ತದೆ. ಇವತ್ತು ಹಾಲು ಬೇಡ ಎಂದು ನಾವು ಹೇಳುವುದಿಲ್ಲ. ಅವನು ಕೇಳಿದ: ನಿಮ್ಮ ಪರವಾಗಿ ಮಾತಾಡುವವರು ಯಾರು? ನಾವೇ ಓಟು ಹಾಕಿ ಆರಿಸಿದ ಮಂಡಳಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಅಪ್ಪನ ಕಾಲದಲ್ಲಿ ನಮಗೂ ಒಂದಿತ್ತು ಎಂದ.

ಅವರ ಕೈ ಬಿಟ್ಟುಹೋದದ್ದು

ಅವನು ಹೇಳಿದ್ದು ಹಾಲು ಮಾರಾಟ ಮಂಡಳಿಯ ವಿಷಯ. 1930ರ ಆಸುಪಾಸಿನಲ್ಲಿ ಅಲ್ಲಿಯೂ ಕಂಪನಿಗಳು ಒಬ್ಬ ರೈತನ ಮೇಲೆ ಇನ್ನೊಬ್ಬನನ್ನು ಎತ್ತಿಕಟ್ಟಿ ಬೆಲೆ ಇಳಿಸುತ್ತಿದ್ದವು. ಅದಕ್ಕೆ 1933ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು ಮಂಡಳಿ ಮಾಡಿದರು. ರೈತರ ಹಾಲನ್ನೆಲ್ಲ ಅದೇ ಕೊಂಡು, ಬಂದ ಹಣವನ್ನು ಒಟ್ಟು ಹಾಕಿ ಹಂಚುತ್ತಿತ್ತು. ದೂರದ ಫಾರಮ್ಮಿಗೂ ಲಾರಿ ಹೋಗುತ್ತಿತ್ತು. ರಸ್ತೆ ಪಕ್ಕದ ಕಟ್ಟೆಯ ಮೇಲೆ ಕ್ಯಾನು ಇಟ್ಟರೆ ಸಾಕು. ಕ್ಯಾನಿನಲ್ಲಿ ಹಾಲು ಎತ್ತುವುದು 1979ಕ್ಕೆ ನಿಂತು ಪೂರ್ತಿ ತಂಪು ಟ್ಯಾಂಕು, ಟ್ಯಾಂಕರ್ ಬಂತು. ನಮ್ಮಲ್ಲಿ ಕ್ಯಾನು ಹೋಗಿ ಬಿ.ಎಂ.ಸಿ. ಬಂದ ಹಾಗೆ.

ಆ ಮಂಡಳಿಯನ್ನು 1994ರಲ್ಲಿ ಮುಚ್ಚಿದರು. ಮುಕ್ತ ಪೇಟೆ ಬರಲಿ ಎಂದರು. ರೈತರು ತಾವಾಗಿಯೇ ‘ಮಿಲ್ಕ್ ಮಾರ್ಕ್’ ಎಂಬ ದೊಡ್ಡ ಸಹಕಾರ ಸಂಸ್ಥೆ ಕಟ್ಟಿಕೊಂಡರು. ಒಂದೇ ಸಂಸ್ಥೆಯ ಕೈಯಲ್ಲಿ ಇಷ್ಟು ಹಾಲಿರುವುದು ಸರಿಯಲ್ಲ ಎಂದು 1999ರಲ್ಲಿ ಏಕಸ್ವಾಮ್ಯ ಆಯೋಗದ ವರದಿ ಬಂತು. 2000ದಲ್ಲಿ ಅದು ಮೂರು ಹೋಳಾಯಿತು. ಆಮೇಲೆ ಅಂಥದೇ ಇನ್ನೊಂದು ರೈತರ ಸಂಸ್ಥೆ 2009ರಲ್ಲಿ ದಿವಾಳಿಯಾಗಿ, ಸದಸ್ಯರು ಹೂಡಿದ್ದ ಹಣವೂ ಹೋಯಿತು. 2015ರಲ್ಲಿ ರೈತನಿಗೆ ಲೀಟರಿಗೆ 24 ಪೆನ್ಸ್‌ನ ಆಸುಪಾಸು ಸಿಗುತ್ತಿತ್ತು, ಖರ್ಚು ಅದಕ್ಕಿಂತ ಹೆಚ್ಚು. ಕೆಲವು ದೊಡ್ಡ ಅಂಗಡಿಗಳು ಗಿರಾಕಿಯನ್ನು ಸೆಳೆಯಲು ಎರಡೂಕಾಲು ಲೀಟರಿನ ಹಾಲಿನ ಬಾಟಲಿಯನ್ನು 89 ಪೆನ್ಸಿಗೆ ಮಾರುತ್ತಿದ್ದವು. ಆ ವರ್ಷ ಆಗಸ್ಟಿನಲ್ಲಿ ರೈತರು ಹಸುಗಳನ್ನೇ ಹೊಡೆದುಕೊಂಡು ಅಂಗಡಿಯೊಳಗೆ ಹೋಗಿ ಪ್ರತಿಭಟಿಸಿದರು.

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೂರೂ ಸೇರಿ 1990ರ ದಶಕದ ಮಧ್ಯದಲ್ಲಿ ಹಾಲಿನ ರೈತರು ಸುಮಾರು 30 ಸಾವಿರ ಇದ್ದರು. ಈಗ ಎಂಟು ಸಾವಿರಕ್ಕೂ ಕಡಿಮೆ. ಹಾಲೇನೂ ಕಡಿಮೆಯಾಗಿಲ್ಲ, ಹಾಲಿನವರು ಕಡಿಮೆಯಾದರು. ದೊಡ್ಡ ಕೊಟ್ಟಿಗೆಯವರು ಉಳಿದರು. ಸಹಕಾರ ಅಲ್ಲಿ ಪೂರ್ತಿ ಹೋಯಿತು ಎಂದು ನಾನು ಹೇಳುತ್ತಿಲ್ಲ. ಹಲವು ದೇಶಗಳ ರೈತರ ಒಡೆತನದ ಆರ್ಲಾದಂಥ ದೊಡ್ಡ ಸಂಸ್ಥೆ ಇದೆ. ಹಾಲು ಕೊಳ್ಳುವವರು ಲಿಖಿತ ಕರಾರು ಮಾಡಿಕೊಳ್ಳಬೇಕು, ಬೆಲೆ ಹೇಗೆ ಕಟ್ಟುತ್ತೇವೆಂದು ಬಿಡಿಸಿ ಹೇಳಬೇಕು ಎಂಬ ನಿಯಮವೂ 2024ರಲ್ಲಿ ಬಂತು. ಆದರೆ ಮಂಡಳಿ ಹೋಗಿ ನಿಯಮ ಬರುವುದರೊಳಗೆ ಮೂವತ್ತು ವರ್ಷ ಕಳೆದಿತ್ತು.

ಬಂಧುಗಳೇ, ಆ ಅರಮನೆಯ ಅಂಗಳದ ಬಿಳಿ ಡೇರೆಗಳು ಚೆಂದ. ಅಲ್ಲಿ ಇಷ್ಟಪಟ್ಟು ಬಂದವರೂ ಇದ್ದರು, ಚೆನ್ನಾಗಿ ಸಂಪಾದಿಸುವವರೂ ಇದ್ದರು. ಬೇರೆ ದಾರಿಯಿಲ್ಲದೆ ಬಂದವರೂ ಇದ್ದರು. ಗಿರಾಕಿಯ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಾಲು ಹಾಕುವ ನಮಗೆ ತಿಳಿಯಬೇಕು.

ಅವರಿಂದ ಕಲಿಯಬೇಕಾದದ್ದು

ಕಲಿಯುವುದೂ ಇದೆ. ಡರ್ಬಿಶೈರಿನಲ್ಲಿ ಚಾಟ್ಸ್‌ವರ್ತ್ ಎಂಬ ಇನ್ನೊಂದು ದೊಡ್ಡ ಮನೆಯಿದೆ. 1950ರಲ್ಲಿ ಅಲ್ಲಿಯ ಡ್ಯೂಕ್ ತೀರಿಕೊಂಡಾಗ ಆಸ್ತಿಯ ಮೇಲೆ ಶೇಕಡ 80 ಮರಣ ತೆರಿಗೆ ಬಿತ್ತು. ಜಮೀನು, ಚಿತ್ರಗಳು, ಇನ್ನೊಂದು ಹಳೆಯ ಬಂಗಲೆ ಎಲ್ಲ ಕೈಬಿಟ್ಟವು. ಮುಂದೆ ಆ ಮನೆಯ ಡೆಬೊರಾ ಎಂಬ ಡಚೆಸ್ ಕಾಲದಲ್ಲಿ ಎರಡು ಕೆಲಸವಾಯಿತು. 1973ರಲ್ಲಿ ಪಟ್ಟಣದ ಮಕ್ಕಳಿಗೆ ದನಕರು ತೋರಿಸುವ ಒಂದು ಕೊಟ್ಟಿಗೆ ತೆರೆದರು. ಅಲ್ಲಿ ಹಾಲು ಕರೆಯುವುದನ್ನು ಎದುರಿಗೇ ತೋರಿಸುತ್ತಿದ್ದರು. 1977ರಲ್ಲಿ ತಮ್ಮ ಜಮೀನಿನ ಪದಾರ್ಥ ಮಾರುವ ಅಂಗಡಿ ಮಾಡಿದರು. ಹಾಲು ಕರೆಯುವುದನ್ನು ನೋಡಿದ ಹುಡುಗನೊಬ್ಬ ಅಸಹ್ಯಪಟ್ಟು, ಇನ್ನು ಹಾಲನ್ನೇ ಕುಡಿಯುವುದಿಲ್ಲ ಎಂದನೆಂದು ಆಕೆಯೇ ಹೇಳಿಕೊಂಡಿದ್ದಾರೆ. ನಗಬೇಡಿ. ನಮ್ಮ ಪಟ್ಟಣದ ಎಷ್ಟು ಮಕ್ಕಳು ಹಾಲು ಪ್ಯಾಕೆಟ್ಟಿನಿಂದ ಬರುತ್ತದೆ ಎಂದುಕೊಂಡಿಲ್ಲ?

ಆದ್ದರಿಂದ ನನ್ನ ಸಲಹೆ ಮೂರು.

ಮೊದಲನೆಯದು, ವರ್ಷಕ್ಕೊಂದು ದಿನ ಪ್ರತಿ ತಾಲ್ಲೂಕಿನ ಒಂದು ಸಂಘ ತನ್ನ ಬಾಗಿಲು ತೆರೆಯಲಿ. ಶಾಲೆಯ ಮಕ್ಕಳನ್ನು, ಪಟ್ಟಣದ ಗ್ರಾಹಕರನ್ನು ಕರೆಯಲಿ. ಅರಮನೆ ಬೇಡ, ಸಂಘದ ಕಟ್ಟಡದ ಮುಂದಿನ ಚಪ್ಪರ ಸಾಕು. ಹಾಲು ಕರೆಯುವುದು, ಫ್ಯಾಟು, ಎಸ್.ಎನ್.ಎಫ್. ನೋಡುವುದು, ಹಾಲು ತಂಪಾಗುವುದು ತೋರಿಸಲಿ. ಸದಸ್ಯೆಯರು ಗಿಣ್ಣು, ಖೋವಾ, ಮಜ್ಜಿಗೆ ಮಾಡಿ ಬಡಿಸಲಿ. ಒಂದು ಎಚ್ಚರಿಕೆ: ಒಳಗೆ ಬರುವಾಗ ಕಾಲು ತೊಳೆಯಲು, ದನ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲು ವ್ಯವಸ್ಥೆ ಇರಲೇಬೇಕು. ಇಂಗ್ಲೆಂಡಿನಲ್ಲಿ 2009ರಲ್ಲಿ ಹೀಗೆ ದನಕರು ನೋಡಲು ಹೋದ ಅನೇಕ ಮಕ್ಕಳು ಸೋಂಕು ತಗುಲಿ ಆಸ್ಪತ್ರೆ ಸೇರಿದ್ದರು.

ಎರಡನೆಯದು, ನಮ್ಮ ಯುವಕರು ಸ್ವಂತ ತುಪ್ಪ, ಪನೀರು ಮಾಡುತ್ತೇವೆ ಎಂದರೆ ಬೈಯಬೇಡಿ. ಪರವಾನಗಿ ಪಡೆದು ಮಾಡಲಿ, ನಾಲ್ಕಾರು ಜನ ಸೇರಿ ಮಾಡಲಿ. ಆದರೆ ಮಾರಾಟವಾಗದ ದಿನದ ಹಾಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಮಾಡಲಿ.

ಮೂರನೆಯದು ಸಂಘ ನಡೆಸುವ ನಮಗೇ. ಆ ಮೇಳದಲ್ಲಿ ಮಾರುವವನು ಗಿರಾಕಿಯ ಮುಖ ನೋಡಿ ನಿಲ್ಲುತ್ತಾನೆ, ತನ್ನ ಅಂಕವನ್ನು ಮುಂದೆ ಅಂಟಿಸುತ್ತಾನೆ. ನಾವು?

ಈ ಪ್ರಶ್ನೆ ನನ್ನ ಮನೆಯದೇ. ನಾನು ವಾಪಸು ಬರುವ ಹೊತ್ತಿಗೆ ಮಳೆಗಾಲ. ಹಸಿ ಮೇವು ಬಂದು ಹಾಲು ಹೆಚ್ಚಾಗಿತ್ತು. ಖಾಸಗಿ ವ್ಯಾನು ಮೊದಲು ದರ ಇಳಿಸಿತು, ಆಮೇಲೆ ಬರುವುದನ್ನೇ ನಿಲ್ಲಿಸಿತು. ಹನ್ನೊಂದು ಜನರೂ ಕ್ಯಾನು ಹಿಡಿದು ಸಂಘದ ಮುಂದೆ ನಿಂತಿದ್ದರು. ಸೇರಿಸಿಕೊಳ್ಳಬಾರದು ಎಂದು ಸಮಿತಿಯಲ್ಲಿ ಜಗಳ. ನಾನು ಹೋಗುವ ಮೊದಲಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ನಾನು ವಾರಗಿತ್ತಿಯ ಮನೆಗೆ ಹೋದೆ. ಎರಡು ರೂಪಾಯಿಗೆ ಬಿಟ್ಟೆಯಲ್ಲೇ ಎಂದೆ. ಅವಳು ಹೇಳಿದಳು: “ಎರಡು ರೂಪಾಯಿಗಲ್ಲ ಕಣಕ್ಕಾ. ನನ್ನ ಹಾಲಿನ ಫ್ಯಾಟು ಎಷ್ಟು ಬಂತು ಅಂತ ಒಂದು ದಿನಾನೂ ನನ್ನ ಕಣ್ಣಿಗೆ ತೋರಿಸಲಿಲ್ಲ. ಚೀಟೀಲಿ ಬರೆದದ್ದೇ ಸತ್ಯ ಅಂದ್ರೆ ಹೆಂಗೆ?” ನನಗೆ ಉತ್ತರವಿರಲಿಲ್ಲ. ನಮ್ಮ ಸಂಘದಲ್ಲಿ ಮಿಷನ್ನಿನ ಅಂಕಿ ಕಾಣುವ ಮುಖ ಗೋಡೆಯ ಕಡೆಗಿತ್ತು. ಅದು ಅಲ್ಲಿಯ ‘ಹಾ-ಹಾ’ ಕಂದಕದ ಹಾಗೆಯೇ. ಸದಸ್ಯೆಯ ಹಾಲು ಒಳಗೆ ಬರುತ್ತಿತ್ತು, ಸದಸ್ಯೆ ಹೊರಗೇ ನಿಲ್ಲುತ್ತಿದ್ದಳು.

ಮಾರನೆಯ ದಿನ ಮೇಜನ್ನೇ ತಿರುಗಿಸಿದೆವು. ಈಗ ಸಾಲಿನಲ್ಲಿ ನಿಂತವರಿಗೆ ಅಂಕಿ ಎದುರಿಗೇ ಕಾಣುತ್ತದೆ. ಹನ್ನೊಂದು ಜನರನ್ನೂ ಸೇರಿಸಿಕೊಂಡೆವು. ಹಾಲು ಹಾಕದ ದಿನಗಳಿಗೆ ಬೋನಸ್ ಇಲ್ಲ ಎಂದು ಠರಾವು ಮಾಡಿದೆವು. ಅವರು ಒಪ್ಪಿದರು.

ಅರಮನೆಯ ಮೇಳದ ಬೆಣ್ಣೆಯಲ್ಲಿ ಕಾಸಿದ ತುಪ್ಪ ಚೆನ್ನಾಗಿಯೇ ಆಯಿತು. ಮಗಳು, ಮೊಮ್ಮಗು ಆರೋಗ್ಯವಾಗಿದ್ದಾರೆ. ಮನೆಯಲ್ಲೇ ಉಳಿದಿದ್ದ ಎರಡು ಕೆ.ಜಿ. ತುಪ್ಪದಲ್ಲಿ ಅರ್ಧವನ್ನು ವಾರಗಿತ್ತಿಯ ಮನೆಗೆ ಕೊಟ್ಟೆ.

ಎರಡು ರೂಪಾಯಿ ಹೆಚ್ಚು ಕೊಡುವವನು ನಾಳೆಯೂ ಬರುತ್ತಾನೆ. ಅವನನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮಿಷನ್ನಿನ ಮುಖ ಸದಸ್ಯರ ಕಡೆಗೆ ತಿರುಗಿಸುವುದು ನಮ್ಮ ಕೈಯಲ್ಲಿದೆ. ಇವತ್ತು ನಿಮ್ಮ ಸಂಘಕ್ಕೆ ಹೋದ ಕೂಡಲೇ ಅದು ಯಾವ ಕಡೆಗಿದೆ ಎಂದು ದಯಮಾಡಿ ನೋಡಿ.